ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿದ್ರೂ ಸತ್ತ ಬ್ಯಾಟರಿ: ಒಂದು ಬೈಕು, ಎರಡು ಚಳಿಗಾಲ

ಇದು ನನ್ನ ಫ್ರೆಂಡ್ ಒಬ್ಬನ ಬೈಕಿನ ಕೇಸು. ಅವನ್ನ ಕೇಳ್ಕೊಂಡೇ ಬರೀತಿದ್ದೀನಿ, ಹೆಸರು, ಆಫೀಸು, ಬೈಕ್ ಮಾಡೆಲ್ ಎಲ್ಲ ಬಿಟ್ಟಿದ್ದೀನಿ, ಅವನು ಇಲ್ಲಿ ಬರೀ ಓನರ್. ಎರಡು ವರ್ಷ ಒಂದೇ ಬೈಕು ಒಂದೇ ಬೇಸ್‌ಮೆಂಟಲ್ಲಿ ಮೂರ್ಮೂರು ತಿಂಗಳು ನಿಂತಿತ್ತು, ಮೊದಲ ಸಲ ಬ್ಯಾಟರಿ ಎಸೆಯೋ ಹಾಗಾಯ್ತು, ಎರಡನೇ ಸಲ ಬಂದ ದಿನಾನೇ ಸ್ಟಾರ್ಟ್ ಆಯ್ತು. ಮೊದಲ ಸಲದ ತಪ್ಪಲ್ಲಿ ನನ್ನ ಪಾಲು ಸ್ವಲ್ಪ ಜಾಸ್ತೀನೇ ಇದೆ, ಅದನ್ನೂ ಹೇಳ್ತೀನಿ.

ಹಿನ್ನೆಲೆ

ಓನರ್ ಇರೋದು ಬೆಂಗಳೂರಿನ ಬನಶಂಕರಿ ಕಡೆ ಒಂದು ಅಪಾರ್ಟ್‌ಮೆಂಟಲ್ಲಿ, ಮೂರನೇ ಫ್ಲೋರು. ಬೈಕು 350 ಸಿಸಿ, ಬಿಎಸ್6, ಫ್ಯೂಯಲ್ ಇಂಜೆಕ್ಷನ್, ಕಿಕ್ಕರ್ ಇಲ್ಲ. ಬ್ಯಾಟರಿ 12 ವೋಲ್ಟ್ 8 ಆಂಪಿಯರ್-ಅವರ್ (ಎಷ್ಟು ಕರೆಂಟನ್ನ ಎಷ್ಟು ಗಂಟೆ ಕೊಡಬಲ್ಲದು ಅನ್ನೋ ಅಳತೆ), ಸೀಲ್ ಆಗಿರೋ ಟೈಪು, ಅಂದ್ರೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕೋ ಕೆಲಸ ಇಲ್ಲ. ಬೈಕ್ ತಗೊಂಡ ಹೊಸದರಲ್ಲೇ ಏರಿಯಾದಲ್ಲಿ ಎರಡು ಗಾಡಿ ಕಳುವಾಗಿದ್ವು ಅಂತ ಹೆದರ್ಕೊಂಡು ಹೊರಗಡೆ ಒಂದು ಅಂಗಡೀಲಿ ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದ. ಅದರ ವೈರು ನೇರ ಬ್ಯಾಟರಿಗೆ, ಮಧ್ಯೆ ಒಂದು ಸಣ್ಣ ಫ್ಯೂಸು. ದಿನಾ ಬೈಕ್ ಓಡ್ತಿದ್ದಷ್ಟು ದಿನ ಅದು ಅಲ್ಲಿದೆ ಅನ್ನೋದೇ ಮರೆತುಹೋಗಿತ್ತು.

2023ರ ನವೆಂಬರ್ 17ಕ್ಕೆ ಅವನು ಹೆಂಡ್ತಿ ಜೊತೆ ಮೂರು ತಿಂಗಳು ಆನ್‌ಸೈಟ್ ಹೋದ, ಅಂದ್ರೆ ಆಫೀಸ್ ಕೆಲಸದ ಮೇಲೆ ಅಮೆರಿಕದ ಮಿನಿಯಾಪೊಲಿಸ್‌ಗೆ. ಹೋಗೋಕ್ಕೆ ಮುಂಚೆ ನಂಗೆ ಫೋನ್ ಮಾಡಿ ‘ಬೈಕ್ ಏನ್ ಮಾಡ್ಲಿ ಗುರು’ ಅಂದ. ‘ಯಾರ ಕೈಲಾದ್ರೂ ವಾರಕ್ಕೊಂದ್ಸಲ ಸ್ಟಾರ್ಟ್ ಮಾಡ್ಸು, ಐದ್ಹತ್ತು ನಿಮಿಷ ಬಿಡು, ಸಾಕು’ ಅಂದೆ. ಇದು ನಮ್ಮಪ್ಪ ಚೇತಕ್ ಸ್ಕೂಟರಿಗೆ ಮಾಡ್ತಿದ್ದ ಕೆಲಸ, ಯೋಚ್ನೆ ಮಾಡದೆ ಹೇಳ್ಬಿಟ್ಟೆ. ಚೇತಕ್ ಓಡ್ತಿದ್ದಿದ್ದು ಮ್ಯಾಗ್ನೆಟೋ ಮೇಲೆ, ಅಂದ್ರೆ ಇಂಜಿನ್ ತಿರುಗಿದ್ರೆ ಕಿಡಿಗೆ ಬೇಕಾದ ಕರೆಂಟ್ ಅಲ್ಲೇ ಹುಟ್ತಿತ್ತು, ಕಿಕ್ ಹೊಡೆದ್ರೆ ಬ್ಯಾಟರಿ ಹಂಗೇ ಇಲ್ದಿದ್ರೂ ಎದ್ದು ನಿಲ್ತಿತ್ತು, ಈ ಬೈಕಿಗೂ ಅದಕ್ಕೂ ಏನ್ ಸಂಬಂಧ ಅಂತ ಆವಾಗ ತಲೆಗೇ ಹೋಗ್ಲಿಲ್ಲ.

ಡ್ಯೂಟಿ ಬಿದ್ದಿದ್ದು ಅವನ ಭಾವಮೈದನಿಗೆ. ಕಾಲೇಜ್ ಹುಡುಗ, ಕತ್ರಿಗುಪ್ಪೆಯಿಂದ ಭಾನುವಾರ ಬಂದು ಸ್ಟಾರ್ಟ್ ಮಾಡಿ, ಒಂದು ವಿಡಿಯೋ ತೆಗೆದು ಭಾವನಿಗೆ ವಾಟ್ಸಾಪ್ ಮಾಡ್ಬೇಕು. ಅವನಿಗೆ ಉಪ್ಪಿಟ್ಟು ತಿನ್ನಿಸಿ ಕಳಿಸೋದು ಓನರ್ ಅಮ್ಮನ ಕೆಲಸ. ಅವರು ಬ್ಯಾಂಕಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು, ಅದೇ ಬಿಲ್ಡಿಂಗಲ್ಲಿ ಮೂರು ತಿಂಗಳೂ ಇದ್ರು, ಮೊದಲ ವರ್ಷ ಅವರನ್ನ ಯಾರೂ ಏನೂ ಕೇಳ್ಲಿಲ್ಲ.

ಏನಾಯ್ತು

ಭಾವಮೈದ ನವೆಂಬರ್ 19, 26, ಡಿಸೆಂಬರ್ 3 ಮೂರೂ ವಾರ ಕರೆಕ್ಟಾಗಿ ಬಂದ. ಡಿಸೆಂಬರ್ 10ಕ್ಕೆ ಬಟನ್ ಒತ್ತಿದ್ರೆ ಟಕ್ ಟಕ್ ಟಕ್ ಅಂತ ರಿಲೇ ಸದ್ದು ಬಿಟ್ರೆ ಏನೂ ಇಲ್ಲ, ಮೀಟರ್ ಲೈಟ್ ಬಂದು ಬಂದು ಹೋಗ್ತಿತ್ತು. ಹುಡುಗ ಹೆದರ್ಕೊಂಡ. ಭಾವ ಬೈತಾರೆ ಅಂತ ಏನ್ಮಾಡ್ದ ಅಂದ್ರೆ ಮೊದಲನೇ ವಾರದ ವಿಡಿಯೋನೇ ಇನ್ನೊಂದ್ಸಲ ಕಳಿಸ್ಬಿಟ್ಟ. ಮುಂದಿನ ವಾರಾನೂ ಅಷ್ಟೇ. ಆಮೇಲೆ ಎಕ್ಸಾಮ್ ಅಂತ ಹೇಳಿ ಬರೋದೇ ನಿಲ್ಲಿಸ್ದ. ಓನರ್ ಅಲ್ಲಿ ನಿಶ್ಚಿಂತೆಯಿಂದ ಹಿಮ ನೋಡ್ಕೊಂಡಿದ್ದ.

ನಂಗೆ ಈ ಕೇಸಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಅನ್ಸೋದು ಆ ಡಿಸೆಂಬರ್ 10ನೇ ತಾರೀಕೇ. ಆವತ್ತು ಬ್ಯಾಟರಿ ಖಾಲಿ ಆಗಿತ್ತೇ ಹೊರತು ಕೆಟ್ಟಿರ್ಲಿಲ್ಲ. ನಾನು ಇರೋದು ಎರಡು ಕಿಲೋಮೀಟರ್ ದೂರದಲ್ಲಿ, ಒಂದು ಫೋನ್ ಬಂದಿದ್ರೆ ಅದೇ ರಾತ್ರಿ ಚಾರ್ಜಿಗೆ ಹಾಕಿ ಮುಕ್ಕಾಲು ಪಾಲು ಉಳಿಸ್ಕೊಬಹುದಿತ್ತು. ಲೆಡ್ ಆಸಿಡ್ ಬ್ಯಾಟರಿ ಖಾಲಿ ಆಗ್ತಾ ಆಗ್ತಾ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಕೂರುತ್ತೆ, ಅದು ಮಾಮೂಲು, ಚಾರ್ಜ್ ಮಾಡಿದ್ರೆ ವಾಪಸ್ ಕರಗುತ್ತೆ. ಹಂಗೇ ಬಿಟ್ರೆ ಮಾತ್ರ ಹರಳು ದಪ್ಪ ಆಗ್ತಾ ಗಟ್ಟಿ ಆಗುತ್ತೆ. ಚಿಕ್ಕಿ ಮಾಡೋವಾಗ ಬೆಲ್ಲದ ಪಾಕ ಬಿಸಿ ಇದ್ದಾಗ ಹೇಳಿದಂಗೆ ಕೇಳುತ್ತೆ, ತಟ್ಟೇಲಿ ಆರಿಹೋದ್ಮೇಲೆ ಚಾಕು ಮುರಿಯುತ್ತೆ ನೋಡಿ, ಹಂಗೆ. ಈ ಬ್ಯಾಟರಿ ಆ ಸ್ಥಿತೀಲಿ ಒಂಬತ್ತು ವಾರಕ್ಕೂ ಜಾಸ್ತಿ ಬಿದ್ದಿತ್ತು, ಮೇಲೆ ಟ್ರ್ಯಾಕರ್ ಉಳಿದಿದ್ದನ್ನೂ ಹೀರ್ತಾ ಇತ್ತು.

2024ರ ಫೆಬ್ರವರೀಲಿ ಓನರ್ ಬಂದಾಗ ಬ್ಯಾಟರಿ ಮೇಲೆ ಮೀಟರ್ ಇಟ್ರೆ 4.6 ವೋಲ್ಟ್. ಅಂದಾಜಿಗೆ ಹೇಳೋದಾದ್ರೆ ಕೆಲವು ಗಂಟೆ ಸುಮ್ನೆ ಬಿಟ್ಟು ನೋಡಿದಾಗ 12.8 ಮೇಲಿದ್ರೆ ಫುಲ್, 12.5 ಹತ್ರ ಇದ್ರೆ ಮುಕ್ಕಾಲು, 12.2ಕ್ಕೆ ಅರ್ಧ, 11.8 ಅಂದ್ರೆ ಖಾಲಿ. 4.6ನ ಯಾವ ಲೆಕ್ಕಕ್ಕೂ ಸೇರ್ಸೋಕಾಗಲ್ಲ. ನನ್ನ ಸ್ಮಾರ್ಟ್ ಚಾರ್ಜರ್ ಹಾಕಿದ್ರೆ ಅದು ಕೆಂಪು ಲೈಟ್ ಮಿಣುಕಿಸಿ ಸುಮ್ನಾಯ್ತು. ಇಷ್ಟು ಕೆಳಗಿಳಿದ ವೋಲ್ಟೇಜ್ ನೋಡಿದ್ರೆ ತುಂಬಾ ಸ್ಮಾರ್ಟ್ ಚಾರ್ಜರ್‌ಗಳು ಬ್ಯಾಟರೀನೇ ಇಲ್ಲ ಅನ್ಕೊಂಡು ಶುರೂನೇ ಆಗಲ್ಲ.

ಸೋಮವಾರ ಆಫೀಸಿಗೆ ಬೈಕ್ ಬೇಕೇ ಬೇಕು ಅಂತ ಓನರ್ ಹಠ. ಹತ್ರದ ಒಂದು ಬ್ಯಾಟರಿ ಅಂಗಡಿಗೆ ತಗೊಂಡು ಹೋದ್ವಿ. ಅಲ್ಲಿ ಕಾರು, ಯುಪಿಎಸ್ ಬ್ಯಾಟರಿಗಳ ಸಾಲಲ್ಲಿ ಇದನ್ನೂ ಕೂರ್ಸಿ ದೊಡ್ಡ ಚಾರ್ಜರಿಗೆ ಕ್ಲಿಪ್ ಹಾಕಿದ್ರು. ‘ಸಾರ್, ಎರಡು ಗಂಟೇಲಿ ರೆಡಿ.’ ಚಾರ್ಜರ್ ಮುಳ್ಳು 4-5 ಆಂಪ್ ತೋರಿಸ್ತಿತ್ತು. 8 ಆಂಪಿಯರ್-ಅವರ್ ಬ್ಯಾಟರಿಗೆ ಹತ್ತನೇ ಒಂದು ಭಾಗ, ಅಂದ್ರೆ 0.8 ಆಂಪ್ ಹತ್ರ, ಹತ್ತು ಗಂಟೆಗೂ ಜಾಸ್ತಿ ನಿಧಾನಕ್ಕೆ ಕೊಡೋದು ಸರಿಯಾದ ದಾರಿ. ನಂಗೆ ಗೊತ್ತಿತ್ತು, ಆದ್ರೂ ಬಾಯಿ ಬಿಡ್ಲಿಲ್ಲ, ಅವಸರ ನಂಗೂ ಇತ್ತು. ಬಿಚ್ಚೋವಾಗ ಬ್ಯಾಟರಿ ಪಕ್ಕ ಕೈ ಇಟ್ರೆ ಆಗ ತಾನೆ ಕಾಫಿ ಹಾಕಿದ ಲೋಟದ ಹಾಗೆ ಸುಡ್ತಿತ್ತು. ಮೀಟರಲ್ಲಿ 13.1. ಅಂಗಡಿಯವರು ನಕ್ಕು ದುಡ್ಡು ತಗೊಂಡ್ರು.

ಬೆಳಿಗ್ಗೆ ಅದು 12.1ಕ್ಕೆ ಇಳಿದಿತ್ತು. ಚಾರ್ಜರಿಂದ ಬಿಚ್ಚಿದ ತಕ್ಷಣ ಕಾಣೋದು ಮೇಲ್ಮೈ ಚಾರ್ಜು, ಅದನ್ನ ನಂಬೋಕಾಗಲ್ಲ. ಆದ್ರೂ ಬೈಕ್ ಸ್ಟಾರ್ಟ್ ಆಯ್ತು ಅಂತ ಓನರ್ ತಗೊಂಡೇ ಹೋದ. ಮಂಗಳವಾರ ಸಂಜೆ ಬನಶಂಕರಿ ಟೆಂಪಲ್ ಸಿಗ್ನಲ್ಲಲ್ಲಿ ಇಂಜಿನ್ ಆಫ್ ಮಾಡ್ದ ಪುಣ್ಯಾತ್ಮ, ಮತ್ತೆ ಏಳ್ಲೇ ಇಲ್ಲ. ಹಿಂದೆ ಬಿಎಂಟಿಸಿ ಬಸ್ಸು, ಪಕ್ಕದಲ್ಲಿ ಆಟೋದವ್ರು ‘ತಳ್ಳಿ ಸ್ಟಾರ್ಟ್ ಮಾಡಿ ಸಾರ್’ ಅಂದ್ರಂತೆ. ಇಬ್ರು ಸೇರಿ ತಳ್ಳಿದ್ರೂ ಆಗ್ಲಿಲ್ಲ. ಫ್ಯೂಯಲ್ ಇಂಜೆಕ್ಷನ್ ಬೈಕಲ್ಲಿ ಪೆಟ್ರೋಲ್ ಪಂಪು, ಇಸಿಯು (ಇಂಜಿನ್ ನಡೆಸೋ ಸಣ್ಣ ಕಂಪ್ಯೂಟರ್) ಏಳೋದಕ್ಕೇ ಒಂದಷ್ಟು ವೋಲ್ಟೇಜ್ ಬೇಕು, ಬ್ಯಾಟರಿ ಪೂರ್ತಿ ಮಲಗಿದ್ರೆ ಎಷ್ಟು ತಳ್ಳಿದ್ರೂ ಬೆವರೇ ಲಾಭ. ಆವತ್ತು ರಾತ್ರಿ ಸೆಲ್ಫ್ ಒತ್ತಿ ಮೀಟರ್ ನೋಡಿದ್ರೆ 7 ವೋಲ್ಟಿಗೆ ಬೀಳ್ತಿತ್ತು. ಸೆಲ್ಫ್ ಇಂಜಿನ್ ತಿರುಗಿಸೋವಾಗ 9.6ಕ್ಕಿಂತ ಕೆಳಗೆ ಹೋದ್ರೆ ಬ್ಯಾಟರಿ ಕಥೆ ಮುಗೀತು ಅನ್ಕೋಬಹುದು. ಮಾರನೇ ದಿನ ಜೆಸಿ ರೋಡಿಗೆ ಹೋಗಿ ಹಳೇದು ಕೊಟ್ಟು ಹೊಸದು ತಂದ್ವಿ.

ನಿಧಾನಕ್ಕೆ ಚಾರ್ಜ್ ಮಾಡಿದ್ರೆ ಉಳೀತಿತ್ತಾ ಅಂತ ಓನರ್ ಇವತ್ತಿಗೂ ಕೇಳ್ತಾನೆ. ನನ್ನ ಪ್ರಕಾರ ಇಲ್ಲ. ಆ ಅಂಗಡಿಯವರು ಕೊಂದಿದ್ದು ಆಗ್ಲೇ ಸತ್ತಿದ್ದನ್ನ.

ಲೆಕ್ಕ ಹಾಕಿದ್ದು

ಹೊಸ ಬ್ಯಾಟರಿ ಹಾಕಿದ ವಾರದ ಭಾನುವಾರ ಓನರ್ ಮನೇಲಿ ಕೂತು ವಾಟ್ಸಾಪ್ ವಿಡಿಯೋಗಳನ್ನ ಸಾಲಾಗಿ ನೋಡಿದ್ವಿ. ಹುಡುಗ ಆವಾಗ್ಲೇ ಒಪ್ಕೊಂಡಿದ್ದು, ಯಾಕಂದ್ರೆ ಡಿಸೆಂಬರ್ 10ರ ವಿಡಿಯೋದಲ್ಲೂ ನವೆಂಬರ್ 19ರ ವಿಡಿಯೋದಲ್ಲೂ ಪಕ್ಕದ ಪಾರ್ಕಿಂಗಲ್ಲಿ ಅದೇ ಹಸಿರು ಬಕೆಟ್ಟು, ಅದರ ಮೇಲೆ ಅದೇ ಥರ ಮಡಚಿದ ಒರೆಸೋ ಬಟ್ಟೆ. ‘ಸಾರಿ ಭಾವ’ ಅಂದ. ಅವನನ್ನ ಬೈಯ್ಯೋಕೆ ಮನಸ್ಸಾಗ್ಲಿಲ್ಲ. ನಿಜವಾದ ಮೂರು ವಿಡಿಯೋದಲ್ಲೇ ಎಲ್ಲ ಇತ್ತು: ಮೊದಲನೇದ್ರಲ್ಲಿ ಬಟನ್ ಮುಟ್ಟಿದ ತಕ್ಷಣ ಗುಡ್ ಅಂತ ಹತ್ಕೊಂಡಿದೆ, ಎರಡನೇದ್ರಲ್ಲಿ ಒಂದು ಸೆಕೆಂಡ್ ಜಾಸ್ತಿ, ಮೂರನೇದ್ರಲ್ಲಿ ರ್ರ್... ರ್ರ್... ಅಂತ ಎಳೆದು ಎಳೆದು, ಎದುರು ಗೋಡೆ ಮೇಲೆ ಬಿದ್ದಿದ್ದ ಹೆಡ್‌ಲೈಟ್ ಹಳದಿಗೆ ತಿರುಗಿ ಆಮೇಲೆ ಸ್ಟಾರ್ಟ್. ಮೂರನ್ನೂ ಓನರ್ ನೋಡಿ ಥಂಬ್ಸ್ ಅಪ್ ಹಾಕಿದ್ದ. ಸ್ಟಾರ್ಟ್ ಆಯ್ತಾ ಇಲ್ವಾ ಅಂತ ನೋಡಿದ್ವಿ, ಎಷ್ಟು ಹೊತ್ತಿಗೆ ಆಯ್ತು ಅಂತ ನೋಡ್ಲಿಲ್ಲ.

ಆಮೇಲೆ ಎಸ್‌ಪಿ ರೋಡಿಂದ ಒಂದು ಸಾದಾ ಮಲ್ಟಿಮೀಟರ್ ತಂದು ಬೈಕ್ ಆಫ್ ಇದ್ದಾಗ ಎಷ್ಟು ಕರೆಂಟ್ ಹೋಗ್ತಿದೆ ನೋಡಿದ್ವಿ. ಕೀ ತೆಗೆದು, ಬ್ಯಾಟರಿ ನೆಗೆಟಿವ್ ವೈರ್ ಬಿಚ್ಚಿ, ಟರ್ಮಿನಲ್ಲಿಗೂ ಆ ವೈರಿಗೂ ಮಧ್ಯೆ ಮೀಟರನ್ನ ಮೊದಲು 10 ಆಂಪ್ ಸಾಕೆಟಲ್ಲಿ ಹಾಕಿ ನೋಡೋದು, ಕರೆಂಟ್ ಕಮ್ಮಿ ಇದೆ ಅಂತ ಗೊತ್ತಾದ್ಮೇಲೆ ಮಿಲಿಆಂಪ್ ಸಾಕೆಟಿಗೆ ಬದಲಾಯಿಸೋದು. ಮೀಟರ್ ಮಧ್ಯೆ ಇರೋವಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ಬಾರ್ದು, ಮೀಟರ್ ಫ್ಯೂಸೋ ಮೀಟರೋ ಸುಟ್ಟುಹೋಗುತ್ತೆ. ಶುರೂಲಿ ಟ್ರ್ಯಾಕರ್ ಸಿಗ್ನಲ್ ಹುಡುಕ್ತಾ 70 ಮಿಲಿಆಂಪ್ ತನಕ ಕುಣೀತು, ಹತ್ತು ನಿಮಿಷ ಕಾದ್ಮೇಲೆ 12ಕ್ಕೆ ನಿಂತ್ತು. ಟ್ರ್ಯಾಕರ್ ಫ್ಯೂಸ್ ಕಿತ್ತೆ. 1 ಮಿಲಿಆಂಪ್. ಅಷ್ಟೇ, ಬೈಕಿಂದು ಅಂತ ಇದ್ದಿದ್ದು ಗಡಿಯಾರ, ಇಸಿಯು ಎಲ್ಲ ಸೇರಿ ಆ ಒಂದೇ.

ಓನರ್ ಅಮ್ಮ ಕನ್ನಡಕ ಹಾಕ್ಕೊಂಡು ಹಳೇ ಕವರ್ ಹಿಂದೆ ಬರೆದ್ರು. 12 ಮಿಲಿಆಂಪ್ ಅಂದ್ರೆ ದಿನಕ್ಕೆ 0.29 ಆಂಪಿಯರ್-ಅವರ್, ವಾರಕ್ಕೆ 2. ಇದು ಖರ್ಚು. ಜಮಾ ಎಷ್ಟು? ಸ್ಟಾರ್ಟ್ ಮಾಡಿ ಐಡಲಲ್ಲಿ ಬಿಟ್ಟು ನೋಡಿದ್ರೆ ಬ್ಯಾಟರಿ ಮೇಲೆ ಬರ್ತಿದ್ದಿದ್ದೇ 13.1 ವೋಲ್ಟು, ಆಕ್ಸಿಲರೇಟರ್ ಕೊಟ್ಟು 3000 ಆರ್‌ಪಿಎಂಗೆ ತಂದ್ರೆ ಮಾತ್ರ 14.2. 2017ರ ಏಪ್ರಿಲ್ ಆದ್ಮೇಲೆ ಬಂದ ಟೂವೀಲರ್‌ಗಳಲ್ಲಿ ಇಂಜಿನ್ ಆನ್ ಅಂದ್ರೆ ಹೆಡ್‌ಲೈಟೂ ಆನ್, ಆಫ್ ಮಾಡೋ ಸ್ವಿಚ್ಚೇ ಇಲ್ಲ, 55 ವ್ಯಾಟ್ ಬಲ್ಬು ಒಂದೇ 4 ಆಂಪ್ ತಿನ್ನುತ್ತೆ, ಅದರ ಮೇಲೆ ಪಂಪು, ಇಗ್ನಿಷನ್ನು. ಐಡಲಲ್ಲಿ ಬ್ಯಾಟರಿಗೆ ಉದಾರವಾಗಿ 1 ಆಂಪ್ ಉಳೀತು ಅನ್ಕೊಂಡ್ರೂ ಹತ್ತು ನಿಮಿಷಕ್ಕೆ 0.17 ಆಯ್ತು, ಅದ್ರಲ್ಲೂ ಸೆಲ್ಫ್ ಮೋಟರ್ ತನ್ನ ಪಾಲು ಮೊದಲೇ ತಗೊಂಡಿರುತ್ತೆ. ‘ವಾರಕ್ಕೆ 2 ಡ್ರಾ ಮಾಡಿ 0.17 ಕಟ್ಟಿದ್ರೆ ಅಕೌಂಟು ಎಷ್ಟು ದಿನ ಇರುತ್ತಪ್ಪಾ’ ಅಂದ್ರು ಅಮ್ಮ. ಮೂರು ವಾರಕ್ಕೆ 8ರಲ್ಲಿ 6 ಹತ್ರ ಖಾಲಿ, ನಾಲ್ಕನೇ ಭಾನುವಾರ ಟಕ್ ಟಕ್. ಡಿಸೆಂಬರ್ 10ಕ್ಕೆ ಸರಿಯಾಗಿ ಕೂತ್ಕೊಂಡ್ತು.

ನಾನು ಕೊಟ್ಟ ಸಲಹೆಯಿಂದ ಬ್ಯಾಟರಿಗೆ ಸಿಕ್ಕಿದ್ದು ಹೆಚ್ಚೂ ಕಮ್ಮಿ ಸೊನ್ನೆ. ಇಂಜಿನ್ನಿಗೂ ಒಳ್ಳೇದೇನಲ್ಲ ಅದು, ಹತ್ತು ನಿಮಿಷಕ್ಕೆ ಆಯಿಲ್ ಸರಿಯಾಗಿ ಬಿಸಿ ಆಗಲ್ಲ, ಒಳಗಿನ ತೇವ ಆಯಿಲಲ್ಲಿ, ಸೈಲೆನ್ಸರಲ್ಲಿ ಹಂಗೇ ಉಳ್ಕೊಳ್ಳುತ್ತೆ. ಓಡಿಸೋದಾದ್ರೆ ನೈಸ್ ರೋಡಲ್ಲೋ ಕನಕಪುರ ರೋಡಲ್ಲೋ ಅರ್ಧ ಮುಕ್ಕಾಲು ಗಂಟೆ ಓಡಿಸ್ಬೇಕು, ಇಲ್ಲಾಂದ್ರೆ ಮುಟ್ಟಲೇಬಾರ್ದು.

ಎರಡನೇ ಚಳಿಗಾಲ

2024ರ ನವೆಂಬರಲ್ಲಿ ಮತ್ತೆ ಅದೇ ಆನ್‌ಸೈಟು. ಈ ಸಲ ಓನರ್ ತಲೇಲಿ ಮಿನಿಯಾಪೊಲಿಸ್ ಸಹೋದ್ಯೋಗಿಯ ಗ್ಯಾರೇಜ್ ಕೂತಿತ್ತು. ಆ ಮನುಷ್ಯ ನವೆಂಬರಲ್ಲೇ ಬೈಕ್ ಒಳಗಿಟ್ಟು, ಬ್ಯಾಟರಿಗೆ ಒಂದು ಸಣ್ಣ ಮೇಂಟೈನರ್ ಚಾರ್ಜರ್ (ಬ್ಯಾಟರೀನ ಯಾವಾಗ್ಲೂ ಫುಲ್ ಇಡೋದು) ಸಿಕ್ಕಿಸಿ, ಏಪ್ರಿಲ್ ತನಕ ಮುಟ್ಟಲ್ವಂತೆ. ಫೋಟೋ ಕಳಿಸಿ ‘ನಾವೂ ಹಿಂಗೇ ಮಾಡೋಣ ಮಗಾ’ ಅಂದ.

ಅಲ್ಲಿಯವರು ಹಂಗೆ ಮಾಡೋದಕ್ಕೆ ಕಾರಣ ಇದೆ. ಮೈನಸ್ 20 ಮುಟ್ಟೋ ಊರು ಅದು. ಫುಲ್ ಚಾರ್ಜ್ ಇದ್ದ ಬ್ಯಾಟರಿ ಅಷ್ಟು ಚಳೀಲೂ ಹೆಪ್ಪುಗಟ್ಟಲ್ಲ, ಖಾಲಿ ಆಗ್ತಾ ಹೋದಂಗೆ ಒಳಗಿನ ಆಸಿಡ್ ನೀರಾಗ್ತಾ ಹೋಗುತ್ತೆ, ಆವಾಗ ಸೊನ್ನೆಗಿಂತ ಸ್ವಲ್ಪ ಕೆಳಗೇ ಹೆಪ್ಪುಗಟ್ಟಿ ಪೆಟ್ಟಿಗೆ ಸೀಳುತ್ತೆ. ಅದಕ್ಕೆ ಅವರು ಯಾವಾಗ್ಲೂ ತುಂಬಿಸಿಟ್ಕೊಳ್ತಾರೆ. ನಮ್ಮ ಬೆಂಗಳೂರಲ್ಲಿ ದಾಖಲಾಗಿರೋ ಅತಿ ಕಡಿಮೆ ಟೆಂಪರೇಚರೇ 7.8 ಡಿಗ್ರಿ, ಅದೂ 1884ರ ಜನವರೀಲಿ. ಸ್ವೆಟರ್ ಹಾಕ್ಕೊಂಡು ಎಳ್ಳು ಬೆಲ್ಲ ಬೀರೋಷ್ಟು ಚಳಿ ಬ್ಯಾಟರಿಗೆ ಒಳ್ಳೇದೇ, ತಣ್ಣಗಿದ್ದಷ್ಟೂ ಅದು ತಾನಾಗೇ ಸೋರೋದು ಕಮ್ಮಿ ಆಗುತ್ತೆ, ಹತ್ತು ಡಿಗ್ರಿ ಏರಿದ್ರೆ ಹೆಚ್ಚೂ ಕಮ್ಮಿ ಎರಡರಷ್ಟಾಗುತ್ತೆ. ಅಂದ್ರೆ ನಮಗೆ ಮಾರ್ಚ್-ಏಪ್ರಿಲಲ್ಲಿ ನಿಂತ ಬೈಕಿನ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಬೇಕು.

ಮೇಂಟೈನರ್ ಹಾಕೋಕೆ ಬೇಸ್‌ಮೆಂಟಲ್ಲಿ ಪ್ಲಗ್ ಪಾಯಿಂಟೇ ಇರ್ಲಿಲ್ಲ. ಲಿಫ್ಟ್ ಪಕ್ಕದ ಸಾಕೆಟಿಂದ ಎಕ್ಸ್‌ಟೆನ್ಷನ್ ಎಳೀಲಾ ಅಂದ್ರೆ ಅಸೋಸಿಯೇಷನ್ ಸೆಕ್ರೆಟರಿ ಒಪ್ಲಿಲ್ಲ. ಮೂರು ತಿಂಗಳು ಜನ ಓಡಾಡೋ ಜಾಗದಲ್ಲಿ ವೈರ್ ಬಿದ್ದಿರೋದು ನಂಗೂ ಸರಿ ಕಾಣ್ಲಿಲ್ಲ.

ನಾನು ಹೇಳಿದ್ದು ಬರೀ ಟ್ರ್ಯಾಕರ್ ಫ್ಯೂಸ್ ಕಿತ್ತಿಟ್ರೆ ಸಾಕು ಅಂತ. 1 ಮಿಲಿಆಂಪ್ ಲೆಕ್ಕದಲ್ಲಿ 90 ದಿನಕ್ಕೆ 2.2 ಆಂಪಿಯರ್-ಅವರ್, ಎಂಟರಲ್ಲಿ ಅಷ್ಟು ಹೋದ್ರೆ ಸ್ಟಾರ್ಟ್ ಆಗೇ ಆಗುತ್ತೆ. ಓನರ್‌ಗೆ ಕಳ್ಳತನದ ಭಯ, ಟ್ರ್ಯಾಕರ್ ಇಲ್ದೆ ಬೈಕ್ ಬಿಡೋಕೆ ಮನಸ್ಸಿಲ್ಲ. ಅರ್ಧ ಗಂಟೆ ಇದರ ಮೇಲೇ ಎಳೆದಾಡಿದ್ವಿ. ಕೊನೆಗೆ ಅಮ್ಮ ಒಳಗಿಂದ ‘ಬ್ಯಾಟರಿನೇ ಮೇಲ್ ತಂದಿಡ್ರೋ, ಕಳ್ಳ ಬಂದು ಬಟನ್ ಒತ್ತಿ ಏನ್ ಮಾಡ್ತಾನೆ’ ಅಂದ್ರು. ಟಾಟಾ ಏಸಲ್ಲಿ ಹಾಕ್ಕೊಂಡು ಹೋದ್ರೆ ಅಂತ ಓನರ್ ಶುರು ಮಾಡ್ದ, ಅದಕ್ಕೆ ಹಿಂದಿನ ಚಕ್ರದಿಂದ ಪಿಲ್ಲರಿಗೆ ಸರಪಳಿ ಸುತ್ತಿ ಬೀಗ ಹಾಕಿದ್ವಿ. ಟ್ರ್ಯಾಕರ್ ವಿಷಯ ಅಲ್ಲಿಗೆ ಮುಗೀತು.

ಹೊರಡೋ ಹಿಂದಿನ ರಾತ್ರಿ ಸ್ಮಾರ್ಟ್ ಚಾರ್ಜರಲ್ಲಿ ನಿಧಾನಕ್ಕೆ ಫುಲ್ ಮಾಡಿ, ಬೆಳಿಗ್ಗೆ ನೋಡಿದ್ರೆ 12.87. ಯುಟಿಲಿಟೀಲಿ ವಾಷಿಂಗ್ ಮೆಷಿನ್ ಪಕ್ಕ, ಬಿಸಿಲು ಬೀಳದ ಮೂಲೆ, ಕೆಳಗೆ ಹಳೇ ಪೇಪರ್ ಮಡಚಿ ಹಾಕಿ ಇಟ್ವಿ. ಬರೀ ನೆಲದ ಮೇಲಿಟ್ರೆ ಚಾರ್ಜ್ ಇಳಿಯುತ್ತೆ ಅಂತ ಒಂದು ಮಾತಿದೆ, ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸಲ್ಲ, ಪೇಪರ್ ಹಾಕಿದ್ದು ಅಮ್ಮನ ಟೈಲ್ಸಿಗೆ ಗೀರು ಬೀಳ್ಬಾರ್ದು ಅಂತ. ಮೀಟರ್ ಹೆಂಗೆ ಹಿಡಿಯೋದು ಅಂತ ಅಮ್ಮನಿಗೆ ತೋರಿಸ್ಕೊಟ್ಟು 12.5ಕ್ಕಿಂತ ಇಳಿದ್ರೆ ನಂಗೆ ಫೋನ್ ಮಾಡಿ ಅಂದೆ.

ಅವರು ದಿನ ನೆನಪಿರ್ಲಿ ಅಂತ ಅಮಾವಾಸ್ಯೆ ಇಟ್ಕೊಂಡ್ರು. ಅಮಾವಾಸ್ಯೆಗೆ ಹೆಂಗೂ ಕೆಳಗೆ ಹೋಗಿ ಕಾರಿಗೆ ನಿಂಬೆಹಣ್ಣು, ಊದಿನಕಡ್ಡಿ ಮಾಡ್ತಾರೆ, ಮೇಲೆ ಬಂದು ಬ್ಯಾಟರಿಗೂ ಒಂಚೂರು ಕುಂಕುಮ ಇಟ್ಟು, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ಗ್ಯಾಸ್ ಬುಕ್ ಮಾಡಿದ ತಾರೀಕು ಬರೆಯೋ ಕ್ಯಾಲೆಂಡರಲ್ಲೇ ನೀಲಿ ಪೆನ್ನಲ್ಲಿ ಬರೆದಿದ್ದಾರೆ: ಮೊದಲ ಅಮಾವಾಸ್ಯೆ 12.84, ಡಿಸೆಂಬರ್ 30ಕ್ಕೆ 12.80, ಜನವರಿ 29ಕ್ಕೆ 12.75. ‘ಇಳೀತಾನೇ ಇಲ್ವಲ್ಲಪ್ಪಾ, ನೀನ್ ಕೊಟ್ಟ ಚಾರ್ಜರ್ ಯಾವಾಗ ಹಾಕೋದು’ ಅಂತ ಜನವರೀಲಿ ಫೋನ್ ಮಾಡಿದ್ರು. ಹಾಕೋ ಹಂಗೇ ಇರ್ಲಿಲ್ಲ. ಮೂರು ತಿಂಗಳು ಚಾರ್ಜರ್ ಡಬ್ಬೀಲೇ ಇತ್ತು. ಸೋರಿಕೆ ನಿಲ್ಲಿಸಿದ್ಮೇಲೆ ತುಂಬಿಸೋ ಪ್ರಶ್ನೆನೇ ಬರ್ಲಿಲ್ಲ, ಇದನ್ನ ನಾನೂ ಇಷ್ಟು ಸಲೀಸಾಗಿ ಆಗುತ್ತೆ ಅನ್ಕೊಂಡಿರ್ಲಿಲ್ಲ.

ಫೆಬ್ರವರೀಲಿ ವಾಪಸ್ ಹಾಕೋವಾಗ ಒಂದೇ ಒಂದು ಗಲಾಟೆ. ಬಿಚ್ಚೋವಾಗ ನೆಗೆಟಿವ್ ಮೊದಲು, ಹಾಕೋವಾಗ ಪಾಸಿಟಿವ್ ಮೊದಲು, ಇಲ್ಲಾಂದ್ರೆ ಸ್ಪ್ಯಾನರ್ ಫ್ರೇಮಿಗೆ ತಗುಲಿ ಕಿಡಿ ಹಾರುತ್ತೆ, ಅದೆಲ್ಲ ಸರಿಯಾಗೇ ಮಾಡಿದ್ವಿ. ಆದ್ರೆ ಟರ್ಮಿನಲ್ ಒಳಗೆ ಕೂರೋ ಚೌಕದ ನಟ್ಟು ಜಾರಿ ಬ್ಯಾಟರಿ ಟ್ರೇ ಕೆಳಗೆಲ್ಲೋ ಬಿತ್ತು. ಮೊಬೈಲ್ ಟಾರ್ಚ್ ಹಿಡ್ಕೊಂಡು ಇಪ್ಪತ್ತು ನಿಮಿಷ ಹುಡುಕಿದ್ವಿ, ಕೊನೆಗೆ ಭಾವಮೈದ ಕಡ್ಡಿಗೆ ಮ್ಯಾಗ್ನೆಟ್ ಕಟ್ಟಿ ಎತ್ತಿದ. ಆಮೇಲೆ ನಟ್ಟಿನ ಕೆಳಗೆ ಸಣ್ಣ ಸ್ಪಾಂಜ್ ಚೂರು ತುರುಕಿದ್ವಿ, ಅದು ನಟ್ಟನ್ನ ಮೇಲೆತ್ತಿ ಹಿಡ್ಕೊಳ್ಳುತ್ತೆ, ಸ್ಕ್ರೂ ಸಲೀಸಾಗಿ ಕೂರುತ್ತೆ. ಬಟನ್ ಒತ್ತಿದ್ರೆ ಗುಡ್ ಅಂತ ಒಂದೇ ಸಲಕ್ಕೆ.

ಟ್ರ್ಯಾಕರನ್ನ ಓನರ್ ಬಿಟ್ಕೊಟ್ಟಿಲ್ಲ. ಬೈಕ್ ನಿಂತಾಗ ಮಲಗೋ ಥರದ್ದು ಹುಡುಕಿ ಹಾಕಿಸ್ಕೊಂಡಿದ್ದಾನೆ, ಅಳೆದಾಗ ಒಟ್ಟು 4 ಮಿಲಿಆಂಪ್ ಬಂತು, ಮೂರು ವಾರಕ್ಕೆ 2 ಆಂಪಿಯರ್-ಅವರ್. ಅದಕ್ಕೇ ಈಗ ಅವರ ಮನೇಲಿ ಮೂರು ವಾರದ ಒಳಗಿನ ಟ್ರಿಪ್ ಆದ್ರೆ ಬ್ಯಾಟರಿ ಕೆಳಗೇ ಇರುತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ವಾಷಿಂಗ್ ಮೆಷಿನ್ ಪಕ್ಕಕ್ಕೆ ಹೋಗುತ್ತೆ, ಕ್ಯಾಲೆಂಡರಲ್ಲಿ ಬರೆಯೋ ಡ್ಯೂಟಿ ಅಮ್ಮಂದೇ.